ಸ್ಪಂಜು ಹಿಂಡಿದವನು

ಇದು ನನ್ನ ಚಿಕ್ಕಪ್ಪನ ಮಗನಿಗೆ ಆದದ್ದು. ಅವನು ಹೇಳಿದ ಹಾಗೇ ಬರೆಯುತ್ತೇನೆ. ದೇವರ ಭಯ ಇರುವವನು ನಾನು, ನನ್ನ ಕಡೆಯಿಂದ ಒಂದು ಮಾತೂ ಸೇರಿಸುವುದಿಲ್ಲ.

ರಾತ್ರಿ ಒಂದು ಗಂಟೆ ದಾಟಿತ್ತು. ಈ ನನ್ನ ತಮ್ಮ ಪಾಳು ಬಾವಿಯ ಪಕ್ಕದ ದಾರಿಯಲ್ಲಿ ಮನೆಗೆ ಬರುತ್ತಿದ್ದ. ಆಸ್ಪತ್ರೆಗಳ ಹಾಸಿಗೆಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಅವನಿಗೆ ಕೆಲಸ. ಮಧ್ಯಾಹ್ನದಿಂದ ನಿಂತೇ ಇದ್ದ ಕಾಲು... ನಡೆಯುತ್ತಿದ್ದಾನೋ ನಿದ್ದೆಯಲ್ಲಿದ್ದಾನೋ ಅವನಿಗೇ ಗೊತ್ತಿರಲಿಲ್ಲ.

ತೊಟ್... ತೊಟ್... ತೊಟ್...

ಎದುರಿನಿಂದ ಸದ್ದು ಬಂತು. ಬಾವಿಕಟ್ಟೆಯ ಹತ್ತಿರ ಒಬ್ಬ ಮುದುಕ ಎದುರಾದ. ಬಲತೋಳು ಹೆಗಲವರೆಗೆ ಒದ್ದೆ. ಬೆರಳ ತುದಿಯಿಂದ ನೀರು ಧೂಳಿಗೆ ಬೀಳುತ್ತಿತ್ತು. ಹಾದು ಹೋಗುವಾಗ ಪಿಸುಗುಟ್ಟಿದ.

"ದೀಪ ಆರಿಸಿದೀನಿ. ಬೆಳಗಿನ ತನಕ ಹಾಕಬೇಡಿ."

ಯಾವುದೋ ಕಾವಲಿನವನಿರಬೇಕು, ಯಾರಿಗೋ ಹೇಳುವುದನ್ನು ನನಗೆ ಹೇಳುತ್ತಿದ್ದಾನೆ ಅಂದುಕೊಂಡ ತಮ್ಮ. "ಆಗ್ಲಿ ಬಿಡಿ" ಅಂದ. ತಿರುಗಿ ನೋಡುವುದಕ್ಕೂ ಕತ್ತಿನಲ್ಲಿ ಜೀವ ಇರಲಿಲ್ಲ.

ಈಗ ಮನೆಯ ಸಂಗತಿ ಹೇಳಬೇಕು. ಅವನ ಹೆಂಡತಿ ಏಳು ತಿಂಗಳ ಬಸುರಿ. ಹಿಂದೆ ಎರಡು ಸಲ ಕಳೆದುಕೊಂಡವಳು. ಹಾಸಿಗೆ ಬಿಟ್ಟು ಏಳಲೇಬಾರದು ಅಂದಿದ್ದರು ಡಾಕ್ಟರು. ಗೋಡೆ ನೋಡುತ್ತಾ ಅಳುತ್ತಾಳೆ ಅಂತ ತಮ್ಮ ಒಂದು ಉಪ್ಪುನೀರಿನ ಮೀನುತೊಟ್ಟಿ ತಂದಿಟ್ಟ. ಹಳೆಯದು. ವಯಸ್ಸಾದ ಒಬ್ಬ ಯಜಮಾನರು ಹನ್ನೊಂದು ವರ್ಷ ನೋಡಿಕೊಂಡಿದ್ದರಂತೆ. ಅವರು ತೀರಿಕೊಂಡ ಮೇಲೆ ಮನೆಯವರು ಅಂಗಡಿಗೆ ಕೊಟ್ಟಿದ್ದರು.

ಅಂಗಡಿಯವನು ಎರಡೇ ಮಾತು ಹೇಳಿದ್ದ. "ದೀಪ ದಿನಕ್ಕೆ ಎಂಟು ಗಂಟೆ ಸಾಕು, ಮೀನಿಗೂ ರಾತ್ರಿ ಅಂತ ಒಂದು ಬೇಕಲ್ಲ. ಇನ್ನು ಈ ಫಿಲ್ಟರ್ ಸ್ಪಂಜು... ನೀರು ಶುದ್ಧ ಮಾಡೋ ಸೂಕ್ಷ್ಮಜೀವಿ ಇರೋದು ಇದರಲ್ಲೇ. ಕಂದು ಬಣ್ಣಕ್ಕೆ ತಿರುಗಿದ್ರೆ ಸಂತೋಷಪಡಿ. ತೊಟ್ಟಿ ನೀರಲ್ಲೇ ಒಂದು ಸಲ ಹಿಂಡಿ, ಅಷ್ಟೆ."

ನೀರು ಹದಕ್ಕೆ ಬರಲಿ ಅಂತ ತಿಂಗಳು ಕಾದು ಎರಡು ಕೇಸರಿ ಮೀನು ಬಿಟ್ಟರು. "ಇವು ಉಳಿದ್ರೆ ನಮ್ದೂ ಉಳಿಯುತ್ತೆ ರೀ" ಅಂದಳಂತೆ ಅವಳು. ಒಬ್ಬಳೇ ಇರುವ ಹೆದರಿಕೆಗೆ ರಾತ್ರಿಯೆಲ್ಲ ತೊಟ್ಟಿಯ ದೀಪ ಉರಿಸುತ್ತಿದ್ದಳು. ಇವನೂ ಬೇಡ ಅನ್ನಲಿಲ್ಲ.

ಆ ದಿನ ಬೆಳಿಗ್ಗೆ ಇವನು ಸ್ಪಂಜು ನೋಡಿದ. ಕಂದು. ಕೊಳೆ ಕಂಡರೆ ಸುಮ್ಮನಿರದ ಕೈ ಅದು. ಬ್ಲೀಚಿಂಗ್ ಪುಡಿ ಹಾಕಿ, ನಲ್ಲಿ ಕೆಳಗೆ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿಟ್ಟ. ಮಧ್ಯಾಹ್ನದೊಳಗೆ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು.

ಅಂಗಡಿಯವನು ಫೋನಿನಲ್ಲಿ ತಲೆ ಚಚ್ಚಿಕೊಂಡ. "ಸ್ವಾಮೀ, ಅದೇನು ಆಸ್ಪತ್ರೆ ಚಾದರಾನಾ? ಸೂಕ್ಷ್ಮಜೀವಿ ಎಲ್ಲಾ ಸಾಯಿಸಿಬಿಟ್ರಲ್ಲ! ಮೀನು ಬೆಳಿಗ್ಗೆ ತನಕ ಇದ್ರೆ ಪುಣ್ಯ."

ಹೆಂಡತಿಗೆ ಹೇಳುವ ಧೈರ್ಯ ಬರಲಿಲ್ಲ. ಹಾಗೇ ಕೆಲಸಕ್ಕೆ ಹೋದ.

ಅದೇ ರಾತ್ರಿ ಇದು. ಬಾಗಿಲು ತೆರೆದ... ಕತ್ತಲು. ತೊಟ್ಟಿಯ ದೀಪ ಇಲ್ಲ. ಪಂಪಿನ ಗುಂಯ್ ಅನ್ನುವ ಸದ್ದು ಮಾತ್ರ.

"ಮತ್ತೆ ಎಲ್ಲಿಗೆ ಹೋಗಿದ್ರಿ?" ಹಾಸಿಗೆಯಿಂದ ಪಿಸುಮಾತು.

"ಈಗ ತಾನೆ ಬರ್ತಿದೀನಲ್ಲೇ."

"ಸುಮ್ನಿರಿ. ಆಗಲೇ ತೊಟ್ಟಿಗೆ ಕೈ ಹಾಕಿ ಏನೋ ಹಿಂಡ್ತಿದ್ರಿ. ಪಿಚಕ್... ಪಿಚಕ್... ಅಂತ. ಎರಡು ಸಲ ಕರೆದೆ, ತಿರುಗಿಯೂ ನೋಡಲಿಲ್ಲ. ಸುಸ್ತಾಗಿರಬೇಕು ಪಾಪ ಅಂತ ಸುಮ್ಮನಾದೆ."

ತಮ್ಮ ತೊಟ್ಟಿಯ ಹತ್ತಿರ ಹೋದ. ಮೊಬೈಲಿನ ಬೆಳಕಿನಲ್ಲಿ ಫಿಲ್ಟರ್ ತೆಗೆದ. ಬೆಳಿಗ್ಗೆ ಬೆಳ್ಳಗೆ ತೊಳೆದಿಟ್ಟ ಸ್ಪಂಜು... ಕಂದು. ಒಂದು ದಿನದ ಕಂದಲ್ಲ, ವರ್ಷಗಟ್ಟಲೆಯದು. ಮೂಲೆಯಲ್ಲಿ ಮೀನೆರಡೂ ಪಕ್ಕಪಕ್ಕ ಮಲಗಿ ನಿಧಾನವಾಗಿ ಉಸಿರಾಡುತ್ತಿದ್ದವು.

"ದೀಪ ಹಾಕ್ರೀ, ಹೆದರಿಕೆ ಆಗುತ್ತೆ."

"ಬೇಡ ಕಣೇ. ಇವತ್ತಿಂದ ಬೇಡ. ನಾನಿದೀನಲ್ಲ."

ಕೂತಲ್ಲೇ ಅವನಿಗೆ ನಿದ್ದೆ ಬಂತಂತೆ. ಅಷ್ಟು ಹೆದರಿಕೆಯಲ್ಲೂ ನಿದ್ದೆ! ದುಡಿದ ಮೈ, ಏನು ಮಾಡೀತು.

ದಿನ ತುಂಬಿ ಹೆರಿಗೆಯಾಯಿತು. ಹೆಣ್ಣುಮಗು, ಗಟ್ಟಿಮುಟ್ಟಾಗಿದೆ. ನಾನು ಮಗು ನೋಡಲು ಹೋದಾಗಲೇ ತಮ್ಮ ಇದನ್ನೆಲ್ಲ ಹೇಳಿದ್ದು. ನಾನು ನಂಬಲಿಲ್ಲ. ಆಗ ಅವನು ಇನ್ನೊಂದು ಮಾತು ಹೇಳಿದ: ಇಂಥ ತೊಟ್ಟಿಯಲ್ಲಿ ನೀರು ದಿನಾ ಆವಿಯಾಗಿ ಎರಡು ಮೂರು ದಿನಕ್ಕೆ ಬೆರಳಗಲ ಇಳಿಯುತ್ತದಂತೆ, ಸಿಹಿನೀರು ಸುರಿದು ಸರಿಮಾಡಬೇಕಂತೆ. "ಆ ರಾತ್ರಿಯಿಂದ ನಾನು ಸುರಿದೇ ಇಲ್ಲ ಅಣ್ಣಾ" ಅಂದ.

ನಾನೇ ಗಾಜಿನ ಮೇಲೆ, ನೀರಿನ ಮಟ್ಟಕ್ಕೆ ಸರಿಯಾಗಿ ಶಾಯಿಯಲ್ಲಿ ಗೆರೆ ಎಳೆದೆ. ತೊಟ್ಟಿಯ ಪಕ್ಕದಲ್ಲೇ ಚಾಪೆ ಹಾಸಿ ನಾಲ್ಕು ರಾತ್ರಿ ಮಲಗಿದೆ. ಯಾರೂ ಒಂದು ಲೋಟ ನೀರು ಹಾಕಲಿಲ್ಲ. ಇದು ಸತ್ಯ. ಐದನೆಯ ಬೆಳಿಗ್ಗೆ ಹೊರಡುವಾಗ ನೋಡಿದೆ.

ನೀರು ಗೆರೆಗೆ ಸರಿಯಾಗಿತ್ತು.