ಪಂಪಾಪತಿ ಬೆರಳು

ಲ್ಯಾಬಿನವರದ ಗಲತ್ ಆಗ್ಯಾದ ಅಂತೀನಿ ವಿಜ್ಜಿ. ರಾಯಚೂರಾಗ ದಿವಸಕ್ಕ ಎಷ್ಟು ಮಂದಿ ರಕ್ತ ತಗೀತಾರ, ಯಾವನದೋ ಶೀಶೆ ಮ್ಯಾಲೆ ನನ್ನ ಹೆಸರು ಹಚ್ಚಿರತಾರ. ಆ ಕಾಗದ ಕೆಳಗ ಇಡು. ಎಷ್ಟು ಸಲ ಓದತಿ... ಓದಿದ್ರ ನಂಬರ ಬದಲ ಆಗತದೇನು?

ಒಂಬತ್ತು ಪಾಯಿಂಟ್ ಎಂಟು. ಮೂರು ತಿಂಗಳ ಸಕ್ಕರಿ ಸರಾಸರಿ ಅಂತ, ಆರರ ಆಸುಪಾಸು ಇರಬೇಕಿತ್ತಂತ. ಹೈದರಾಬಾದಿನ ಡಾಕ್ಟರು ನೋಡಿದ್ರ ನಗತಾನ. ಬೆರಳು ಚುಚ್ಚಿ ನೋಡೋ ನಮ್ಮ ಮಿಷನ್ ದಿನಾ ನೂರಾ ನಾಕು, ನೂರಾ ಎಂಟು ತೋರಸತದ. ಅದು ಸುಳ್ಳು, ಈ ಕಾಗದ ಖರೆ ಏನು?

ಹೂಂ, ಮಿಷನ್ ತಗೊಂಡ್ಯಾ, ನೋಡು. ಗುಂಡಿ ಒತ್ತಿಕೋತ ಹೋಗು, ಹಿಂದಿಂದೆಲ್ಲಾ ಬರತದ.

ನನಗೂ ಗೊತ್ತದ ಇದು ಆಟ ಅಲ್ಲಂತ. ಐದು ತಿಂಗಳ ಹಿಂದ ಹೊಟ್ಟಿ ಕೊಯ್ದು, ಕಲ್ಲು ತುಂಬಿದ ಪ್ಯಾಂಕ್ರಿಯಾಸ್ ಇಡೀಕಿಡಿ ತಗದ್ರು. ಅದರಾಗ ಸಕ್ಕರಿ ಸಂಭಾಳಿಸೋ ಕಣ ಇರತಾವಂತ, ಅವನ್ನಷ್ಟ ಸೋಸಿ ನನ್ನ ಲಿವರಿನಾಗ ಬಿಟ್ರು. ಅಕ್ಕಿ ಗಿರಣಿ ಸಾವಕಾರಗ ಭತ್ತದ ಲೆಕ್ಕದಾಗ ಹೇಳತೀನಿ ಅಂದ ಡಾಕ್ಟರು. ಮಡಿಯಾಗಿನ ಸಸಿ ಕಿತ್ತು ಗದ್ದ್ಯಾಗ ನಾಟಿ ಮಾಡೀವಿ, ಬೇರು ಬಿಡೋತನಕ ಅವಕ್ಕ ಕೆಲಸ ಹಚ್ಚಬ್ಯಾಡ್ರಿ, ಹೊರಗಿಂದ ಇನ್ಸುಲಿನ್ ಕೊಡೂನು ಅಂದ. ಸಕ್ಕರಿ ಏರಿದ್ರ ದಣದು ಸಾಯತಾವ, ಸತ್ರ ಮತ್ತ ಹಚ್ಚಲಿಕ್ಕೆ ಸಸಿ ಇಲ್ಲ ಅಂದ. ನೆನಪದ ನನಗ.

ಹಂಗಂತ ನಾ ಏನು ಕಡಿಮಿ ಮಾಡೀನಿ? ಗಿರಣ್ಯಾಗ ದಿನಾ ಚೆಕ್ ಮಾಡಿ ಮಿಷನ್ ಮನಿಗೆ ತರತಿದ್ದೆ. ನೀ ನಂಬರ ನೋಡಿ ಮೊಬೈಲಿನಾಗ ಡಾಕ್ಟರಿಗೆ ಕಳಸತಿದ್ದಿ. ಆಂವ ಸೂಜಿ ಕಡಿಮಿ ಮಾಡಿಕೋತ ಬಂದ, ಎರಡು ತಿಂಗಳ ಹಿಂದ ಸಾಫ್ ನಿಲ್ಲಿಸಿದ. ನನ್ನ ಸೂಜಿ ಬಿಡೋತನಕ ಹೊತ್ತು ಮುಣುಗಿದ ಮ್ಯಾಲೆ ತುತ್ತು ಮುಟ್ಟೂದಿಲ್ಲಂತ ನೀ ಹರಕಿ ಹೊತ್ತಿದ್ದಿ, ಅದೂ ಮುಗೀತು. ಹೊಳಿ ದಂಡಿ ಗೂಗಲ್ ಊರಿಗೆ ಹೋಗಿ ಅಲ್ಲಮಪ್ರಭುಗ ಕಾಯಿ ಒಡಿಸಿಕೊಂಡು ಬಂದ್ವಿ. ಎಲ್ಲಾ ಸುರಳೀತ ನಡದಾದ.

ಏನು... ನೂರಾ ಅರವತ್ತೆಂಟಾ? ಅದು ಒಂದ ದಿವಸದ್ದು. ಮದವಿ ಊಟ. ಜಿಲೇಬಿ ಇತ್ತು.

ಯಾರ ಮದವಿ ಅಂದ್ರ... ಕುರ್ಡಿಯಾಗ. ನಮ್ಮ ಹಮಾಲ ಪಂಪಾಪತಿ ಇಲ್ಲೇನು, ಅವನ ಹೆಣ್ತಿ ಹುಲಗೆಮ್ಮ, ಅಕಿ ತಮ್ಮಂದು.

ಹೂಂ. ನಾವು ಹೋಗಿದ್ದಿಲ್ಲ. ಅವತ್ತ ನಾವಿಬ್ಬರೂ ಮನ್ಯಾಗ ಜ್ವಾಳದ ರೊಟ್ಟಿ, ಪುಂಡಿಪಲ್ಯ ಉಂಡೀವಿ. ಖರೆ.

ಹಂಗ ನೋಡಬ್ಯಾಡ ವಿಜ್ಜಿ. ಪಂಪಾಪತಿ ಹೋಗಿದ್ದ. ಏಳು ಜಿಲೇಬಿ ತಿಂದು ಬಂದಿದ್ದ ಆಂವ.

...ಅವನ ಬೆರಳು. ಮೂರು ತಿಂಗಳಿಂದ ಅವನ ಬೆರಳ. ಸುರುವಿಗೆ ನಂದ ಚುಚ್ಚತಿದ್ದೆ, ಎರಡನೂರು, ಎರಡನೂರಾ ನಲವತ್ತು ಬರತಿತ್ತು. ಒಂದ ದಿವಸ ಆಂವ ಚೀಲ ಇಳಸಿ ಬೆವರು ಒರಸಕೋತ ಬಂದ. ಎಲ್ಲಿ, ಕೈ ಕೊಡು ಅಂದೆ. ತೊಂಬತ್ತಾರು. ಕಲ್ಲಿನಂಥ ಮನಶಾ. ಸೂಜಿ ದಿನಾ ಹೊಸಾದ ಹಾಕತಿದ್ದೆ, ಅದರಾಗ ಮೋಸ ಮಾಡಿಲ್ಲ.

ಜಿಲೇಬಿ ತಿಂದು ಬಂದ ದಿವಸ ಬೈದೆ ಅವಗ. ಚಾದಾಗ ಸಕ್ಕರಿ ಬಿಡಿಸೀನಿ. ಅನ್ನ ಕಡಿಮಿ ಮಾಡಲೇ ಅಂದೀನಿ. ಅಕ್ಕಿ ಗಿರಣ್ಯಾಗ ಚೀಲ ಹೊರಾಂವಗ ಅನ್ನ ಕಡಿಮಿ ಮಾಡು ಅಂದ್ರ ಆಂವರ ಏನು ತಿಳಕೋಬೇಕು. "ಸಾವಕಾರ್ರ, ಬ್ಯಾನಿ ನಿಮ್ಮದು, ಪಥ್ಯ ನಂದೇನ್ರಿ?" ಅಂದ.

ನಗಾಕತ್ತಿಯೇನು?

ಇಲ್ಲ. ನಗಾಕತ್ತಿಲ್ಲ.

ಏನು ವಿಚಾರ ಮಾಡಾಕತ್ತಿ ಗೊತ್ತದ ನನಗ. ಕಲ್ಲೂರಿಂದ ಭತ್ತದ ಗಾಡಿ ಬಂದ್ರ ನಾ ಏನು ಹೇಳತೀನಿ ನಮ್ಮ ಮಂದಿಗೆ? ಬಾಯಿ ಬಿಚ್ಚಿ ತೋರಿಸಿದ ಹಿಡಿ ಭತ್ತ ನೋಡಬ್ಯಾಡ್ರಿ, ಚೀಲದ ಹೊಟ್ಟಿಗೆ ಕೊಳವಿ ಚುಚ್ಚಿ ತಳದಾಗಿಂದು ತಗೀರಿ. ಇಪ್ಪತ್ತೆಂಟು ವರ್ಷ ಹಿಂಗ ಮಂದಿ ಮೋಸ ಹಿಡಕೋತ ಬಂದೀನಿ. ಹಿಡಿ ಭತ್ತ ಪಂಪಾಪತಿದು, ಕೊಳವಿ ಈ ಕಾಗದ. ಹಿಡದೀ ಬಿಡು ನೀನು.

ಯಾಕ ಅಂತ ಕೇಳಬ್ಯಾಡ. ಸೂಜಿಗೆ ಅಂಜಿದೆ ಅಂತ ತಿಳಕೋ. ಗಿರಣಿ ಮಂದಿ ಮುಂದ ಅಂಗಿ ಎತ್ತಲಿಕ್ಕೆ ನಾಚಿಕಿ ಆತು ಅಂತ ತಿಳಕೋ. ಏನರ ತಿಳಕೋ.

ಕೈ ಬೇಕೇನು? ತಗೋ. ಇದು ನಂದ ಬೆರಳು, ಗುರುತು ಅದಲ್ಲ... ಸಾವಕಾಶ.

ಎಷ್ಟದ?

ಇತ್ತಾಗ ತೋರಿಸು. ಮುನ್ನೂರಾ ಹನ್ನೆರಡು.

...ವಿಜ್ಜಿ. ಆ ಸಸಿ ಎಷ್ಟು ಉಳದಾವೋ, ಎಷ್ಟು ಸುಟ್ಟಾವೋ. ಯಾರಿಗೆ ಬೈಬೇಕು ಈಗ? ಗದ್ದಿ ನಂದು, ನೀರು ಕಟ್ಟಿದಾಂವ ನಾನ. ಡಾಕ್ಟರಿಗೆ ಫೋನ್ ಹಚ್ಚಿ ಕೊಡು, ಪಂಪಾಪತಿ ಸುದ್ದಿ ನಾನ ಹೇಳತೀನಿ. ಏನು ಬೈತಾನ ಬೈಯಲಿ.

ಎಲ್ಲಿ ಹೊಂಟಿ? ಹಾಂ... ಫ್ರಿಜ್ಜಿನ ಬಾಗಿಲದಾಗ ಅದ, ಕೆಳಗಿನ ಸಾಲಿನಾಗ. ಇನ್ಸುಲಿನ್ ತಗೊಂಡು ಬಾ. ಆಂವ ಎಷ್ಟು ಹೇಳತಾನ ಅಷ್ಟು ಚುಚ್ಚು, ದಿನಕ್ಕ ನಾಕು ಸಲ ಅಂದ್ರ ನಾಕು ಸಲ. ಒಲ್ಲೆ ಅನ್ನೂದಿಲ್ಲ. ಹೊತ್ತು ಮುಣುಗಾಕತ್ತದ, ಬಂದು ರೊಟ್ಟಿ ಬಡಿ, ಇಬ್ಬರೂ ಉಣ್ಣೂನು.

ವಿಜ್ಜಿ. ಏನದು ಸಪ್ಪಳ?

ನಿನ್ನ ತಾಟಿಗೆ ಯಾಕ ಕೈ ಹಾಕಿದಿ?

ಬೋರಲ ಇಡಬ್ಯಾಡ ಅದನ್ನ. ಹರಕಿ ಮುಗಿಸಿ ಬಂದೀವಲ್ಲ... ಸೂಜಿ ಸುರು ಆದ್ರ ಹರಕೀನೂ ಸುರು ಏನು? ಇಲ್ಲ ಅನ್ನು. ಬೈ ಬೇಕಾದ್ರ.

...ಮೂರು ತಿಂಗಳು ದಿನಾ ಸಂಜಿಕ ಆ ತಾಟು ಬೋರಲ ಬಿದ್ದಿದ್ದು ನೋಡೀನಿ. ನೀರು ಕುಡದು ಮಕ್ಕೋತಿದ್ದಿ. ಕೈ ಎತ್ತಿದ್ರ ಬಳಿ ಮೊಳಕೈತನ ಜಾರತಿದ್ದವು. ನಾ ಸೂಜಿಗೆ ಅಂಜಿದಾಂವ ಅಲ್ಲ ವಿಜ್ಜಿ. ಆ ತಾಟು ನೋಡಲಾರದ ಪಂಪಾಪತಿ ಬೆರಳು ಹಿಡದೆ.