ಕೊನೇ ಸೆಕೆಂಡಿನ ಚೆಂಡು

ಬಂಗಾರಪೇಟೆ ಬಸ್‌ ನಿಲ್ದಾಣದಲ್ಲಿ, ನನ್ನ ಪಕ್ಕ, ಬ್ಯಾಸ್ಕೆಟ್‌ಬಾಲ್ ಜೆರ್ಸಿ ತೊಟ್ಟ ಹುಡುಗಿಯೊಬ್ಬಳು ಅಳುತ್ತಿದ್ದಳು. ಅವಳಪ್ಪ ಮೆಲ್ಲಗೆ ಕೇಳಿದ.

“ಎಲ್ರಿಗಿಂತ ಜಾಸ್ತಿ ಪಾಯಿಂಟ್ ನಿಂದೇ ಅಲ್ವೇನಮ್ಮಾ ವನಿತಾ? ಮತ್ಯಾಕೆ ಟೀಮಿಂದ ತೆಗೆದ್ರು?”

“ಈಗ ಬರೀ ಪಾಯಿಂಟ್ ನೋಡಲ್ಲಪ್ಪಾ. ನೂರು ಸಲ ಎಸೆದ್ರೆ ಎಷ್ಟು ಪಾಯಿಂಟ್ ಬತ್ತದೆ ಅಂತ ಕಂಪ್ಯೂಟರ್ ಏಳ್ತದೆ. ಬೇರೆಯವರದ್ದು ನೂರರ ಮೇಲೆ, ನಂದು ಎಂಬತ್ತು.”

“ಯಾಕಂಗೆ ಕಮ್ಮಿ?”

“ಟೈಮ್ ಮುಗಿಯೋವಾಗ ಎಸೆಯಕ್ಕೆ ಎಲ್ರಿಗೂ ಭಯ. ಚೆಂಡು ನಂಗೇ ಕೊಟ್ಬಿಡೋರು. ತಪ್ಪಿದ್ದೆಲ್ಲಾ ನನ್ನ ಎಸರಿಗೇ ಬಿತ್ತು.”

“ಕೋಚ್‌ಗೆ ಏಳ್ಬೇಕಿತ್ತು.”

“ಏಳ್ದೆ. ಕೊಟ್ಟೋರು ಯಾರೂ ಬಾಯಿ ಬಿಡ್ಲಿಲ್ಲ.”

“ಮತ್ತೆ ಅಂಗೇ ಕೊಟ್ರೆ ಎಸೀತೀಯಾ?”

“ಎಸೀತೀನಿ. ಇನ್ಯಾರು ಎಸೀತಾರಪ್ಪಾ?”

ಕೋರಮಂಡಲ್‌ಗೆ ಹೋಗುವ ಬಸ್ ಬಂತು. ಅಪ್ಪ ಅವಳ ಕೈ ಹಿಡಿದು ಹತ್ತಿಸಿದ.