ಮಂಚದ ಕಂಬಿ

…ಅಯ್ಯೋ, ನಗಿಸಬೇಡ್ವೇ ಪುಟ್ಟಿ, ಸೂಜಿ ಹಾಕಿದ ಜಾಗ ಎಳೆಯುತ್ತೆ! ನಿಜವಾಗ್ಲೂ ಹಾಗೇ ಅಂದ್ಲು ಆ ಎಕ್ಸ್‌ರೇ ಹುಡುಗಿ. "ಉಸಿರು ಬಿಗಿಹಿಡೀರಿ ಅಮ್ಮಾ, ಅಲ್ಲಾಡಬೇಡಿ." ಎಲ್ಲಿಗೆ ಅಲ್ಲಾಡ್ಲಿ? ಎದೆ ಆ ಎರಡು ಹಲಗೆ ಮಧ್ಯೆ ಸಿಕ್ಕಿಹಾಕ್ಕೊಂಡಿದೆ, ನಾನು ತುದಿಗಾಲಲ್ಲಿ ನಿಂತಿದೀನಿ…

ಆಮೇಲೆ ಪರದೆ ನೋಡಿದೋಳೇ ಡಾಕ್ಟರಮ್ಮನ್ನ ಕರೆಯೋಕೆ ಓಡಿದ್ಲು. ಅಲ್ಲೀವರೆಗೂ ವಟವಟ ಅಂತಿದ್ದೋಳು! ಬಗ್ಗಿ ನೋಡಿದ್ರೆ ಬೆಳ್ಳಗೆ ಒಂದು ಗಂಟು, ಸುತ್ತ ಮುಳ್ಳುಮುಳ್ಳು. ಡಾಕ್ಟರಮ್ಮ ಬಂದು, "ಕ್ಯಾನ್ಸರ್ ಕೂಡ ಹೀಗೇ ಕಾಣುತ್ತೆ, ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸೋಣ" ಅಂದ್ರು. ನಿಮ್ಮಣ್ಣ ಹೊರಗೆ ಬಂದು ಆ "ಕೂಡ" ಬಿಟ್ಟೇ ಎಲ್ಲರಿಗೂ ಫೋನ್ ಮಾಡಿದ್ರು. ನೀನೂ ಮನೆ, ಆಫೀಸು ಎಲ್ಲ ಬಿಟ್ಟು ಓಡಿಬಂದೆ.

ರಿಸಲ್ಟಾ? ಇನ್ನೂ… ಬರುತ್ತೆ ಬಿಡು. ಆ ಲ್ಯಾಬಿನೋರಿಗೆ ನಾನೊಬ್ಬಳೇನಾ?

ಅದಿರ್ಲಿ, ಕೂತ್ಕೋ. ಮಾವ ಮಲಗಿದ್ರಾ? ಮಗ್ಗಲು ಬದಲಾಯಿಸಿದ್ಯಾ? ಒದ್ದೆ ಬಟ್ಟೆ… ಸರಿ ಸರಿ, ಕೇಳಲ್ಲ. ನಿಮ್ಮಪ್ಪ, ನಿನಗೆ ಗೊತ್ತಿರಲ್ವಾ! ಅವರಿಗೆ ಬಲಭಾಗ ಬಿದ್ದುಹೋದಾಗಿನಿಂದ ನಾನೇ ಎತ್ತಿ, ನಾನೇ ತೊಳೆದು… ಅಭ್ಯಾಸ. ಬಾಯಿಗೆ ಬಂದುಬಿಡುತ್ತೆ.

ಒಂದು ಹೇಳ್ತೀನಿ, ಬೈಬೇಡ. ನೀನು ಬಂದಾಗಿನಿಂದ ಮಲಗಿದ್ರೆ ಬೆಳಕು ಬಂದ್ಮೇಲೇ ಎಚ್ಚರ ಆಗೋದು. ಕಾಫೀನ ಬಿಸಿ ಇದ್ದಾಗ್ಲೇ ಕುಡೀತೀನಿ. ಮೊನ್ನೆ ನಿಮ್ಮಣ್ಣ ನನ್ನ ತಟ್ಟೆ ತೊಳೆದಿಟ್ರು, ಗೊತ್ತಾ? ಹಿಂದ್ಗಡೆ ತೊಳೀಲಿಲ್ಲ, ಪರವಾಗಿಲ್ಲ! ಎಷ್ಟು ದಣಿದಿದ್ದೆ ಅಂತ, ಆ ದಣಿವು ಇಳಿಯೋಕೆ ಶುರುವಾದ್ಮೇಲೇ ನಂಗೆ ಗೊತ್ತಾಗಿದ್ದು ಕಣೇ. ಇನ್ನೂ ಇಳೀತಾನೇ ಇದೆ…

ಯಾಕೆ ಹಾಗೆ ನೋಡ್ತೀಯ? ಕಾಯಿಲೆಯೋಳು ಇಷ್ಟು ಖುಷಿಯಾಗಿ… ಇಲ್ಲಪ್ಪ, ಭಯ ಇದೆ. ಇರಲ್ವಾ.

ಏನದು, ಆಗ್ಲಿಂದ ಎದೆ ಮೇಲೆ ಕೈ ಇಟ್ಕೊಂಡೇ ಇದೀಯ? ತೋರ್ಸು. ಗುಂಡಿ ಬಿಚ್ಚೇ, ನನ್ನ ಮುಂದೆ ಎಂಥ ನಾಚಿಕೆ! …ಅಯ್ಯೋ ದೇವ್ರೇ. ಹೇಗೆ ನೀಲಿಗಟ್ಟಿದೆ! ಮಾವನ ಮಂಚದ ಪಕ್ಕದ ಅಡ್ಡಕಂಬಿ ತಾನೇ? ಗೊತ್ತು. ಎತ್ತೋಕೆ ಬಗ್ಗಿದ್ರೆ ಅವರ ಭಾರವೆಲ್ಲ ನಮ್ಮ ಮೇಲೆ, ನಾವು ಆ ಕಂಬಿಗೆ ಎದೆ ಊರಬೇಕು. ಕೆಳಗಿಳಿಸೋಣ ಅಂದ್ರೆ ತುಕ್ಕು ಹಿಡಿದು ಕಚ್ಚಿಕೊಂಡಿದೆ. ನಿಮ್ಮಣ್ಣಂಗೆ ಹೇಳಿದ್ಯಾ? "ನೋಡೋಣ" ಅಂದ್ರಾ? ಹ್ಞೂಂ. ನಂಗೂ ಅದನ್ನೇ ಅಂತಿದ್ರು.

ಅಳ್ತಿದೀಯಾ? ಹುಚ್ಚೀ! ಅತ್ತಿಗೆಗೆ ಆದ ಹಾಗೇ ನಂಗೂ ಅಂತಾನಾ? ಬಾ ಇಲ್ಲಿ. ಏನೂ ಆಗಲ್ಲ. ಏಟು ಬಿದ್ದು ಒಳಗಿನ ಕೊಬ್ಬು ಗಟ್ಟಿಯಾಗಿ ಗಂಟು ಕಟ್ಟುತ್ತೆ, ಅಷ್ಟೇ. ಮಿಷನ್ನಲ್ಲಿ ನೋಡಿದ್ರೆ ಕ್ಯಾನ್ಸರ್ ಥರಾನೇ ಕಾಣುತ್ತೆ, ಆದ್ರೆ ಅಲ್ಲ. ಗಂಟು ಬಂದ್ರೆ ತೋರಿಸ್ಕೋ, ತೋರಿಸ್ಕೊಳ್ಳೇಬೇಕು. ಆದ್ರೆ ಹೆದರಬೇಡ. ಡಾಕ್ಟರಮ್ಮನೇ ಹೇಳಿದ್ರಲ್ಲ, ಇದು ಕ್ಯಾನ್ಸರ್ ಅಲ್ಲ, ಮುಂದಕ್ಕೂ ಆಗಲ್ಲ, ಇವತ್ತಿಂದ್ಲೇ ಮನೆಕೆಲಸ ಎಲ್ಲಾ ಮಾಡ್ಕೋಬಹುದು ಅಂತ…

…

ಪುಟ್ಟೀ?

ಏನಾದ್ರೂ ಅನ್ನೇ.

ಹೋದ ವಾರಾನೇ ಡಾಕ್ಟರಮ್ಮ ಫೋನ್ ಮಾಡಿ ರಿಸಲ್ಟ್ ಹೇಳಿದ್ರು. ನೀನು ಮಾವಂಗೆ ಸ್ನಾನ ಮಾಡಿಸ್ತಿದ್ದೆ. ಹೇಳೋಣ ಅಂತಾನೇ ಎದ್ದೆ, ನಿನ್ನಾಣೆ! ಬಾಗಿಲವರೆಗೂ ಬಂದೆ. ನೀರಿನ ಸದ್ದು ಕೇಳಿಸ್ತು, ನೀನು ಅವರನ್ನ ಎತ್ತುವಾಗ ಏದುಸಿರು ಬಿಡೋದು ಕೇಳಿಸ್ತು… ವಾಪಸ್ ಬಂದು ಮಲಗಿಬಿಟ್ಟೆ. ಇವತ್ತೊಂದು ದಿನ ಅಂದ್ಕೊಂಡೆ. ಮಾರನೇ ದಿನಾನೂ ಹಾಗೇ ಅಂದ್ಕೊಂಡೆ.

ಬೈದಾದ್ರೂ ಬಿಡೇ.

ಮಾವ ಕಂಬಿಗೆ ಲೋಟ ಬಡೀತಿದಾರೆ. ಕೇಳಿಸ್ತಾ? ದಿನಾ ಮೊದಲನೇ ಸದ್ದಿಗೇ ಓಡ್ತಿದ್ಯಲ್ಲ…

ಏಳಲ್ವಾ?

…ಸರಿ. ಸರಿ ಕಣೇ, ನೀನು ಇಲ್ಲೇ ಮಲಗು. ಹಾಸಿಗೆ ಇನ್ನೂ ಬೆಚ್ಚಗಿದೆ.

ಬಂದೆ ಮಾವ, ಬಂದೆ.